ಅಪ್ಪನ ಜನತಾ ಇರುವಾಗ ಸ್ವಿಸ್ ಕೀ ವಾಚು ಯಾಕೆ?

ಪ್ರಶ್ನೆ: ಬರುವ ವರ್ಷ ನನಗೆ 50 ತುಂಬುತ್ತದೆ. ಅಪ್ಪ ಮೂವತ್ತು ವರ್ಷ ಕಟ್ಟಿದ ಎಚ್‌ಎಂಟಿ ಜನತಾ ಈಗ ನನ್ನ ಹತ್ತಿರ ಇದೆ, ಓಡುತ್ತಿಲ್ಲ. ನನಗೂ ಒಂದು ಒಳ್ಳೆಯ ವಾಚು ಇರಲಿ ಎಂದು ಬೆಂಗಳೂರಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಅಲ್ಲಿ ಜೇಗರ್-ಲಕೂಲ್ಟ್ರ ಕಂಪನಿಯ ಹೊಸ ರಿವರ್ಸೊ ತೋರಿಸಿದರು. ಉದ್ದುದ್ದ ಮುಖ. ಪಕ್ಕಕ್ಕೆ ಜಾರಿಸಿ ತಿರುವಿದರೆ ಬೆನ್ನು ಮೇಲೆ ಬರುತ್ತದೆ. ತುಂಬಾ ಇಷ್ಟವಾಯಿತು. ಬೆಲೆ ಕೇಳಿ ಮಾತೇ ಹೊರಡಲಿಲ್ಲ. ಅಷ್ಟು ಕೊಟ್ಟರೂ ದಿನಾ ಕೀ ಕೊಡಬೇಕಂತೆ, ಕೆಲವು ಸೆಕೆಂಡು ಹೆಚ್ಚುಕಮ್ಮಿ ಆಗುತ್ತದಂತೆ. ಅಪ್ಪನ ಜನತಾ ಮಾಡುತ್ತಿದ್ದದ್ದೂ ಅದನ್ನೇ ಅಲ್ವಾ? ಇಷ್ಟು ಹಣಕ್ಕೆ ನನಗೆ ಸಿಗುವುದಾದರೂ ಏನು? ಹೊಸ ಮಾಡೆಲ್ ಎಂದರೆ ಅದರಲ್ಲಿ ಹೊಸದು ಯಾವುದು? ಮುಂದೆ ಮಾರಿದರೆ ಹಣ ವಾಪಸ್ ಬರುತ್ತದಾ? ಮಗಳು ಜರ್ಮನಿಯಲ್ಲಿದ್ದಾಳೆ, ಅವಳ ಕೈಲಿ ತರಿಸಲಾ? ಹಿಂದೆ ಅಪ್ಪನ ಹೆಸರು ಕೆತ್ತಿಸಬೇಕೆಂದೂ ಆಸೆ.
— ಒಬ್ಬ ಓದುಗರು, ದಾವಣಗೆರೆ

ಉತ್ತರ: ನಿಮ್ಮ ಮೊದಲ ಅನುಮಾನ ಸರಿಯಾಗಿಯೇ ಇದೆ. ಎರಡೂ ಮಾಡುವುದು ಒಂದೇ ಕೆಲಸ. ಇಷ್ಟಕ್ಕೂ ಬರೀ ಟೈಮ್ ನೋಡುವುದಕ್ಕಾದರೆ ಇವೆರಡೂ ಬೇಡ. ಐನೂರು ರೂಪಾಯಿಯ ಸೆಲ್ ವಾಚು ಇವೆರಡನ್ನೂ ಸೋಲಿಸುತ್ತದೆ. ಅದರೊಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ನಿಮ್ಮ ಅಪ್ಪನ ಜನತಾ ಸೆಕೆಂಡಿಗೆ 5 ಸಲ ಟಿಕ್ ಅನ್ನುತ್ತದೆ, ನೀವು ನೋಡಿದ ರಿವರ್ಸೊ 6 ಸಲ. ಇಷ್ಟು ನಿಧಾನವಾಗಿ ಎಣಿಸುವ ಯಂತ್ರ ಹರಳಿನ ಜೊತೆ ಪಂದ್ಯ ಕಟ್ಟಲಾರದು. ಆದರೂ ಕೀ ವಾಚನ್ನು ತೀರಾ ಕಡೆಗಣಿಸಬೇಡಿ. ದಿನಕ್ಕೆ 86,400 ಸೆಕೆಂಡು. ಅದರಲ್ಲಿ 10 ಸೆಕೆಂಡು ತಪ್ಪಿತು ಎಂದರೆ ಹತ್ತು ಸಾವಿರಕ್ಕೆ ಒಂದು ಚಿಲ್ಲರೆ ತಪ್ಪು. ಬ್ಯಾಟರಿ ಇಲ್ಲ, ಚಿಪ್ ಇಲ್ಲ, ಬರೀ ಸುತ್ತಿಟ್ಟ ಒಂದು ಉಕ್ಕಿನ ಪಟ್ಟಿಯ ಬಲದಲ್ಲಿ ಇಷ್ಟು ಸಾಧಿಸುತ್ತದೆ. ಮೂವತ್ತು ಚಿಲ್ಲರೆ ವರ್ಷದಿಂದ ವಾಚು ಬಿಚ್ಚುತ್ತಿದ್ದೇನೆ, ನನಗೆ ಇವತ್ತಿಗೂ ಇದು ಆಶ್ಚರ್ಯವೇ.

ಎರಡರ ಬೆನ್ನನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟರೆ ನಿಮಗೆ ಇನ್ನೂ ಕೋಪ ಬರಬಹುದು. ಎರಡರಲ್ಲೂ ಒಂದು ಡಬ್ಬಿಯೊಳಗೆ ಮೇನ್‌ಸ್ಪ್ರಿಂಗ್. ಅದು ಬಿಚ್ಚಿಕೊಳ್ಳುತ್ತಾ ನಾಲ್ಕಾರು ಹಲ್ಲಿನ ಗಾಲಿಗಳನ್ನು ತಿರುಗಿಸುತ್ತದೆ. ಕೊನೆಯಲ್ಲಿ ಎಸ್ಕೇಪ್‌ಮೆಂಟ್, ಅಂದರೆ ಗಾಲಿಯನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯುವ ಪುಟ್ಟ ಕವಲು. ಅದರ ಮೇಲೆ ಬ್ಯಾಲೆನ್ಸ್ ಚಕ್ರ, ಕೂದಲೆಳೆಯಂಥ ಹೇರ್‌ಸ್ಪ್ರಿಂಗ್. ಸವೆಯುವ ಜಾಗದಲ್ಲೆಲ್ಲ ಕೆಂಪು ಕಲ್ಲು. ಜನತಾದಲ್ಲಿ ಅಂಥವು 17. ಈ ನಕ್ಷೆ ಇನ್ನೂರು ವರ್ಷದಿಂದ ಹೆಚ್ಚೇನೂ ಬದಲಾಗಿಲ್ಲ. ಎಚ್‌ಎಂಟಿಯವರು 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ಶುರು ಮಾಡಿದಾಗ ತಂದದ್ದೂ ಇದೇ ನಕ್ಷೆಯನ್ನು. ಜನತಾ ಗಟ್ಟಿ ಕೆಲಸಗಾರ. ಅದರ ಬಗ್ಗೆ ನನಗೆ ಯಾವ ತಾತ್ಸಾರವೂ ಇಲ್ಲ.

ಹಾಗಾದರೆ ಹಣ ಹೋಗುವುದೆಲ್ಲಿಗೆ? ಲೆನ್ಸು ಹಚ್ಚಿಕೊಂಡು ಅಂಚುಗಳನ್ನು ನೋಡಬೇಕು.

ಜನತಾದ ಒಳಗಿನ ತಟ್ಟೆಗಳನ್ನು ಮಷಿನ್ ಕತ್ತರಿಸಿದೆ. ಕತ್ತರಿಸಿದ ಅಂಚು ಹಾಗೇ ಇದೆ. ಕೆಲಸಕ್ಕೆ ಅದೇನೂ ಅಡ್ಡಿಯಲ್ಲ. ಒಳ್ಳೆಯ ಸ್ವಿಸ್ ಮನೆತನದ ವಾಚಿನಲ್ಲಿ ಅದೇ ಅಂಚನ್ನು ಓರೆಯಾಗಿ ಉಜ್ಜಿ, ಹೊಳಪು ಕೊಟ್ಟಿರುತ್ತಾರೆ. ತಟ್ಟೆಯ ಮೇಲೆ ಉತ್ತ ಹೊಲದ ಹಾಗೆ ಸಮನಾದ ಪಟ್ಟೆಗಳು. ಕಣ್ಣಿಗೆ ಬೀಳದ ಅಡಿಭಾಗದಲ್ಲೂ ಒಂದರ ಮೇಲೊಂದು ಒತ್ತಿದ ಪುಟ್ಟ ವೃತ್ತಗಳು. ಸ್ಕ್ರೂ ತಲೆಗೂ ಹೊಳಪು. ಇದರಲ್ಲಿ ಎಷ್ಟೋ ಭಾಗ ಈಗ ಯಂತ್ರದಲ್ಲೂ ಆಗುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಎರಡು ಓರೆ ಅಂಚುಗಳು ಒಳಮುಖವಾಗಿ ಸೇರುವ ಮೂಲೆ ಇದೆಯಲ್ಲ, ಅಲ್ಲಿಗೆ ತಿರುಗುವ ಉಪಕರಣ ಹೋಗಲಾರದು. ಹೋದರೆ ಮೂಲೆ ಗುಂಡಾಗುತ್ತದೆ. ಅಲ್ಲಿ ಚೂಪಾದ ಗೆರೆ ಕಂಡರೆ ಯಾರೋ ಒಬ್ಬರು ಕೂತು ಕೈಯಿಂದ ತೀಡಿದ್ದಾರೆ ಎಂದರ್ಥ. ಚಿನಿವಾರರ ಹತ್ತಿರ ಒಡವೆ ಮಾಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಿನ್ನದ ತೂಕ ಒಂದು, ಕೂಲಿ ಇನ್ನೊಂದು. ಸ್ಟೀಲ್ ರಿವರ್ಸೊದಲ್ಲಿ ಲೋಹದ ಬೆಲೆ ನಗಣ್ಯ. ನೀವು ಕೊಡುವುದು ಕೂಲಿ, ಅದರ ಮೇಲೆ ಹೆಸರಿನ ಬೆಲೆ, ಅಂಗಡಿಯ ಬಾಡಿಗೆ, ಜಾಹೀರಾತು, ತೆರಿಗೆ. ಎಲ್ಲವೂ ಕೂಲಿಯೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈ ಹೆಸರಿನ ಹಿಂದೆ ಏನಿದೆ ಅನ್ನುವುದನ್ನೂ ಹೇಳಬೇಕು. ಫ್ರಾನ್ಸ್ ಗಡಿಗೆ ತಾಗಿದ ಜೂರಾ ಬೆಟ್ಟಗಳಲ್ಲಿ ಜೂ ಕಣಿವೆ ಅಂತ ಒಂದಿದೆ. ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರ. ಚಳಿಗಾಲದಲ್ಲಿ ಹಿಮ ಬಿದ್ದರೆ ಹೊಲದ ಕೆಲಸ ನಿಂತುಹೋಗುತ್ತಿತ್ತು. ರೈತರು ಕಿಟಕಿಯ ಬೆಳಕಿಗೆ ಕೂತು ಗಡಿಯಾರದ ಬಿಡಿಭಾಗ ಮಾಡುತ್ತಿದ್ದರು. ಒಂದು ಮನೆಯಲ್ಲಿ ಗಾಲಿ, ಇನ್ನೊಂದರಲ್ಲಿ ಸ್ಪ್ರಿಂಗ್. ಅದೇ ಕಣಿವೆಯ ಲ ಸಾಂಟಿಯೆ ಊರಲ್ಲಿ 1833ರಲ್ಲಿ ಆಂಟ್ವಾನ್ ಲಕೂಲ್ಟ್ರ ಒಂದು ಕೆಲಸದ ಕೊಟ್ಟಿಗೆ ತೆರೆದ. ಕಂಪನಿ ಇವತ್ತಿಗೂ ಅದೇ ಊರಲ್ಲಿದೆ. 1844ರಲ್ಲಿ ಆತ ಮಿಲಿಯೊನೊಮೀಟರ್ ಅನ್ನುವ ಅಳತೆ ಉಪಕರಣ ಕಟ್ಟಿದ. ಅದು ಮೈಕ್ರಾನ್ ಅಳೆಯುತ್ತಿತ್ತು, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನನಗಂತೂ ಆ ಮನೆಯ ಎಲ್ಲ ವಾಚುಗಳಿಗಿಂತ ಇದೇ ದೊಡ್ಡ ಕೆಲಸ. ಅಳೆಯಲು ಬಂದರೆ ತಾನೇ ಒಂದು ಗಾಲಿಯ ಹಾಗೆ ಇನ್ನೊಂದನ್ನು ಮಾಡಲು ಸಾಧ್ಯ? ಬೇರೆ ಬೇರೆ ಮನೆಗಳಲ್ಲಿ ಚದುರಿದ್ದ ಕೆಲಸಗಳನ್ನು 1866ರಲ್ಲಿ ಒಂದೇ ಸೂರಿನಡಿ ತಂದರು. ಹೆಸರಿನ ಮೊದಲ ಅರ್ಧ ಬಂದದ್ದು ಪ್ಯಾರಿಸ್ಸಿನ ಎಡ್ಮಂಡ್ ಜೇಗರ್‌ನಿಂದ. ಆತ 1903ರಲ್ಲಿ ತುಂಬಾ ತೆಳುವಾದ ಮಷಿನ್ (ವಾಚನ್ನು ಓಡಿಸುವ ಒಳಗಿನ ಯಂತ್ರ) ಮಾಡಿಕೊಡಿ ನೋಡೋಣ ಎಂದು ಸ್ವಿಸ್ ಕೆಲಸಗಾರರಿಗೆ ಸವಾಲು ಹಾಕಿದ. ಆಂಟ್ವಾನ್‌ನ ಮೊಮ್ಮಗ ಜಾಕ್-ಡೇವಿಡ್ ಅದನ್ನು ಒಪ್ಪಿಕೊಂಡ. ಮುಂದೆ 1937ರಲ್ಲಿ ಎರಡು ಹೆಸರೂ ಕೂಡಿದವು.

ಈ ಮನೆತನದ ಬಗ್ಗೆ ಅಂಗಡಿಯವರು ಹೇಳದ ಒಂದು ಸಂಗತಿ ಇದೆ. ಶತಮಾನಕ್ಕೂ ಮಿಕ್ಕಿ ಇವರು ಬೇರೆಯವರಿಗೆ ಮಷಿನ್ ಮಾಡಿಕೊಡುತ್ತಿದ್ದರು. 1967ರಲ್ಲಿ ಇವರು 920 ಅನ್ನುವ ಮಷಿನ್ ತಯಾರಿಸಿದರು. ತಾನೇ ಕೀ ತುಂಬಿಕೊಳ್ಳುವ ಮಷಿನ್ ಆದರೂ ದಪ್ಪ 2.45 ಮಿಲಿಮೀಟರ್ ಮಾತ್ರ. ಅದನ್ನು ಓಡೆಮಾರ್ ಪಿಗೆ ತನ್ನ 1972ರ ರಾಯಲ್ ಓಕ್‌ನಲ್ಲಿ ಹಾಕಿತು. ಪಾಟೆಕ್ ಫಿಲಿಪ್ 1976ರ ನಾಟಿಲಸ್‌ನಲ್ಲಿ, ವಾಶೆರಾನ್ ಕಾನ್‌ಸ್ಟಾಂಟಿನ್ 1977ರ ‘222’ ಎಂಬ ವಾಚಿನಲ್ಲಿ ಬಳಸಿದವು. ಇವತ್ತು ಹರಾಜಿನಲ್ಲಿ ಕೋಟಿಗಳ ಮಾತಾಡುವ ಮೂರೂ ವಾಚುಗಳ ಹೊಟ್ಟೆಯಲ್ಲಿ ಮೂಲತಃ ಇದ್ದದ್ದು ಒಂದೇ ಮನೆಯ ಅಡುಗೆ. ತಮಾಷೆ ಏನೆಂದರೆ, ಮಾಡಿದವರು ಮಾತ್ರ ಅದನ್ನು ತಮ್ಮ ಹೆಸರಿನ ವಾಚಿಗೆ ಹಾಕಿಕೊಳ್ಳಲಿಲ್ಲ.

ರಿವರ್ಸೊ ಕಥೆಗೆ ನಮ್ಮ ದೇಶದ ನಂಟೂ ಇದೆ. ಅಂಗಡಿಯಲ್ಲಿ ಬಹುಶಃ ಹೇಳಿರುತ್ತಾರೆ. 1930ರ ಚಳಿಗಾಲದ ಸುಮಾರಿಗೆ ಸೀಸರ್ ದ ಟ್ರೇ ಎಂಬ ಸ್ವಿಸ್ ವ್ಯಾಪಾರಿ ಭಾರತಕ್ಕೆ ಬಂದಿದ್ದ. ಬ್ರಿಟಿಷ್ ಅಧಿಕಾರಿಗಳ ಪೋಲೊ ಆಟ ನೋಡುತ್ತಿದ್ದಾಗ ಒಬ್ಬ ಆಟಗಾರ ಗಾಜು ಒಡೆದ ವಾಚು ತೋರಿಸಿ, ಈ ಆಟಕ್ಕೆ ತಡೆಯುವ ವಾಚು ಮಾಡಿಕೊಡಿ ಎಂದನಂತೆ. ಟ್ರೇ ಊರಿಗೆ ಹೋಗಿ ಜಾಕ್-ಡೇವಿಡ್ ಲಕೂಲ್ಟ್ರನಿಗೆ ವಿಷಯ ಹೇಳಿದ. ರೆನೆ-ಆಲ್‌ಫ್ರೆಡ್ ಶೋವೊ ಎಂಬ ಎಂಜಿನಿಯರ್ ಅದಕ್ಕೊಂದು ಉಪಾಯ ಮಾಡಿದ. 1931ರ ಮಾರ್ಚ್ 4ರಂದು ಪ್ಯಾರಿಸ್ಸಿನಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ತನ್ನ ತೊಟ್ಟಿಲಿನಲ್ಲೇ ಜಾರಿ, ಪೂರ್ತಿ ಮಗುಚಿಕೊಳ್ಳುವ ವಾಚು. ಗಾಜು ಒಳಗೆ, ಲೋಹದ ಬೆನ್ನು ಹೊರಗೆ. ಚೆಂಡು ಬಡಿದರೂ ಚಿಂತೆಯಿಲ್ಲ.

ಆ ಮೊದಲ ರಿವರ್ಸೊಗಳ ಒಳಗಿದ್ದ ಮಷಿನ್ ಲಕೂಲ್ಟ್ರದ್ದಲ್ಲ! ಆ ಆಕಾರಕ್ಕೆ ಹೊಂದುವ ಮಷಿನ್ ಆಗ ಅವರ ಹತ್ತಿರ ಇರಲಿಲ್ಲ. ಟಾವಾನ್ ಎಂಬ ಬೇರೆ ಕಂಪನಿಯಿಂದ ಕೊಂಡು ಹಾಕಿದ್ದರು. ತಮ್ಮದೇ ಮಷಿನ್ ಬಂದದ್ದು 1933ರಲ್ಲಿ. ಇದನ್ನು ಹೇಳಿದ್ದು ಅವರನ್ನು ಚುಚ್ಚುವುದಕ್ಕಲ್ಲ. ‘ಹೊಸದು ಯಾವುದು’ ಅಂತ ಕೇಳಿದಿರಲ್ಲ, ಅದಕ್ಕೆ ಉತ್ತರ ಇಲ್ಲೇ ಸಿಗುತ್ತದೆ. ವಾಚಿನಲ್ಲಿ ಹೊಸತನ ಮೂರು ಕಡೆ ಇರಬಹುದು. ಮಷಿನ್ನಿನಲ್ಲಿ, ಕೇಸಿನಲ್ಲಿ (ಅಂದರೆ ಹೊರಗಿನ ಲೋಹದ ಕವಚದಲ್ಲಿ), ಮುಖದಲ್ಲಿ. 1931ರಲ್ಲಿ ಹೊಸದಾಗಿದ್ದದ್ದು ಕೇಸು. ಈಗ ವರ್ಷಾವರ್ಷ ಬರುವ ಹೊಸ ರಿವರ್ಸೊಗಳಲ್ಲಿ ಬಹಳಷ್ಟು ಸಲ ಹೊಸದಾಗಿರುವುದು ಮುಖ. ಡಯಲ್ ಬಣ್ಣ, ಪಟ್ಟಿ, ಲೋಹ.

2025ರ ಏಪ್ರಿಲ್‌ನಲ್ಲಿ ಜಿನೀವಾದ ದೊಡ್ಡ ಮೇಳದಲ್ಲಿ ಇವರು ರಿವರ್ಸೊಗಳನ್ನೇ ಸಾಲಾಗಿ ಇಟ್ಟಿದ್ದರು. ಅದರಲ್ಲಿ ಜನರ ಕಣ್ಣು ಸೆಳೆದದ್ದು ನಸುಗೆಂಪು ಚಿನ್ನದ ಒಂದು ವಾಚು. ಡಯಲ್ಲೂ ಚಿನ್ನದ ಬಣ್ಣ, ಪಟ್ಟಿಯೂ ಚಿನ್ನದ ನೇಯ್ಗೆ. ಆ ಪಟ್ಟಿಗೆ 16 ಮೀಟರ್‌ಗೂ ಜಾಸ್ತಿ ಚಿನ್ನದ ತಂತಿ ಹೆಣೆದಿದ್ದಾರೆ. ನಮ್ಮ ಕಡೆಯ ಸೊಂಟದ ಡಾಬು ನೆನಪಾಯಿತು ನನಗೆ. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಬೆನ್ನು ಬಿಚ್ಚಿದರೆ ಒಳಗೆ ಕೂತಿರುವುದು 822 ಎಂಬ ಮಷಿನ್. 1990ರ ದಶಕದಿಂದ ನನಗೆ ಪರಿಚಯದ ಮುಖ. ಒಮ್ಮೆ ಪೂರ್ತಿ ಕೀ ಕೊಟ್ಟರೆ 42 ಗಂಟೆ ಓಡುತ್ತದೆ. ನೀವು ನೋಡಿದ ಎರಡು ಮುಳ್ಳು, ಕೆಳಗೆ ಪುಟ್ಟ ಸೆಕೆಂಡ್ ಮುಳ್ಳಿನ ಸ್ಟೀಲ್ ರಿವರ್ಸೊದಲ್ಲೂ ಬಹುಮಟ್ಟಿಗೆ ಇದೇ ಇರುತ್ತದೆ.

ಇದು ಮೋಸವಾ? ಅಲ್ಲ. ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮೂವತ್ತು ವರ್ಷ ಜನರ ಕೈಮೇಲೆ ಓಡಿದ ಮಷಿನ್ನಿನ ರೋಗಗಳೆಲ್ಲ ಗೊತ್ತಾಗಿರುತ್ತವೆ. ಬಿಡಿಭಾಗ ಸಿಗುತ್ತವೆ. ಬಿಚ್ಚಿ ಕೂಡಿಸಲು ಕಲಿತ ಕೈಗಳಿರುತ್ತವೆ. ಹೊಚ್ಚ ಹೊಸ ಮಷಿನ್ ಕೊಳ್ಳುವವರು ಅದರ ಮೊದಲ ಪ್ರಯೋಗಕ್ಕೆ ತಾವೇ ಹಣ ಕೊಟ್ಟಂತೆ. ಇನ್ನೊಂದು ಮಾತು, 822 ಉದ್ದನೆಯ ಮಷಿನ್, ಕೇಸಿನ ಆಕಾರಕ್ಕೆ ಸರಿಯಾಗಿ ಕೂರುತ್ತದೆ. ಎಷ್ಟೋ ಕಂಪನಿಗಳ ಚೌಕ ವಾಚಿನೊಳಗೆ ದುಂಡು ಮಷಿನ್ ಹಾಕಿ ಸುತ್ತಲೂ ಪ್ಲಾಸ್ಟಿಕ್ ಉಂಗುರ ತುರುಕಿರುತ್ತಾರೆ. ಒಳಗೆ ಯಾರು ನೋಡುತ್ತಾರೆ ಅನ್ನುವ ಧೈರ್ಯ.

ಮಷಿನ್ನಿನಲ್ಲೇ ಹೊಸತನ ಬೇಕು ಅನ್ನುವವರಿಗೆ ಬೇರೆ ಲೋಕವೇ ಇದೆ. ಅದೇ 2025ರಲ್ಲಿ ಬಂದ ರಿವರ್ಸೊ ಜಿಯೊಗ್ರಾಫಿಕ್ ಮುಂದೆ ಸಾಧಾರಣ ಮುಖ, ಹಿಂದೆ ಭೂಪಟ, ಎಲ್ಲ ಕಾಲವಲಯಗಳ ಸಮಯ. ಗುಂಡಿ ಒತ್ತಿದರೆ ಗಂಟೆ, ಕಾಲು ಗಂಟೆ, ನಿಮಿಷ ಬಡಿದು ಹೇಳುವ ಮಿನಿಟ್ ರಿಪೀಟರ್ ಕೂಡ ಬಂತು. ಅದಕ್ಕೂ ಮೊದಲು, ರಿವರ್ಸೊಗೆ 90 ತುಂಬಿದ 2021ರಲ್ಲಿ, ನಾಲ್ಕು ಮುಖದ ರಿವರ್ಸೊ ಮಾಡಿದ್ದರು. ತಿರುವುವ ಕೇಸಿಗೆ ಎರಡು, ಅದು ಕೂರುವ ತೊಟ್ಟಿಲಿಗೆ ಎರಡು. ಗ್ರಹಣದ ಲೆಕ್ಕಕ್ಕೆ ಬೇಕಾಗುವ ಚಂದ್ರನ ಚಲನೆಗಳನ್ನೂ ತೋರಿಸುತ್ತದೆ. ಮಾಡಿದ್ದು ಬರೀ 10. ಒಂದೊಂದಕ್ಕೆ 13.5 ಲಕ್ಷ ಯೂರೊ. ನಮ್ಮ ಪಂಚಾಂಗದವರು ಇದನ್ನೇ ಪ್ರತಿ ಯುಗಾದಿಗೆ ಅಗ್ಗದಲ್ಲಿ ಕೊಡುತ್ತಾರೆ ಅನ್ನುವುದು ಬೇರೆ ಮಾತು. ಆದರೆ ಗಾಲಿ, ಹಲ್ಲುಗಳಲ್ಲಿ ಆ ಲೆಕ್ಕ ಕಟ್ಟುವುದಿದೆಯಲ್ಲ, ಅದಕ್ಕೆ ಕೈಮುಗಿಯಲೇಬೇಕು.

ನಡುವೆ ಒಂದು ಜಾತಿ ಇದೆ, ನನಗೆ ಅದರ ಮೇಲೆ ಮೋಹ ಜಾಸ್ತಿ. 1994ರಲ್ಲಿ ಬಂದ ಡುವೊಫೇಸ್. ಎರಡೂ ಕಡೆ ಡಯಲ್, ಎರಡೂ ಕಡೆ ಮುಳ್ಳು, ಒಳಗೆ ಒಂದೇ ಮಷಿನ್. ಸ್ವಲ್ಪ ಯೋಚಿಸಿ ನೋಡಿ. ಒಂದೇ ಅಚ್ಚಿನ ಎರಡು ತುದಿಗೆ ಮುಳ್ಳು ಸಿಕ್ಕಿಸಿದರೆ ಮುಂದಿನಿಂದ ನೋಡುವಾಗ ಬಲಕ್ಕೆ ತಿರುಗುವ ಮುಳ್ಳು ಹಿಂದಿನಿಂದ ನೋಡುವಾಗ ಎಡಕ್ಕೆ ತಿರುಗುತ್ತದೆ. ಬೀಸುವ ಕಲ್ಲನ್ನು ಅಡಿಯಿಂದ ನೋಡಿದ ಹಾಗೆ. ಅದನ್ನು ಸರಿಪಡಿಸಲು ದಿಕ್ಕು ಬದಲಿಸುವ ಗಾಲಿ ಬೇಕು. ಇಷ್ಟು ಸಣ್ಣ ಜಾಗದಲ್ಲಿ ಅದನ್ನು ಕೂರಿಸಿ, ದಪ್ಪ ಆಗದಂತೆ ನೋಡಿಕೊಳ್ಳುವುದು ಜಾಣರ ಕೆಲಸ. ಒಂದು ಮುಖಕ್ಕೆ ದಾವಣಗೆರೆ, ಇನ್ನೊಂದಕ್ಕೆ ಮಗಳ ಊರಿನ ಸಮಯ ಇಟ್ಟುಕೊಳ್ಳಬಹುದು. ಆದರೆ ಡುವೊಫೇಸ್ ಕೊಂಡರೆ ಬೆನ್ನಿನಲ್ಲಿ ಕೆತ್ತನೆಗೆ ಜಾಗ ಇರುವುದಿಲ್ಲ. ನಿಮಗೆ ಅಪ್ಪನ ಹೆಸರು ಬೇಕಲ್ಲ, ಹಾಗಾಗಿ ಒಂದು ಮುಖದ್ದೇ ಆಗಬೇಕು. ಅದೇ ಅಗ್ಗ ಕೂಡ. ಅಗ್ಗ ಅನ್ನುವ ಪದ ಇಲ್ಲಿ ಬಳಸಬಹುದಾದರೆ!

ಮಾರಿದರೆ ಹಣ ಬರುತ್ತದಾ ಅಂತ ಕೇಳಿದ್ದೀರಿ. ಈ ಲೆಕ್ಕ ತಲೆಯಲ್ಲಿದ್ದರೆ ದಯವಿಟ್ಟು ಕೊಳ್ಳಬೇಡಿ. ಹೊಸ ವಾಚುಗಳಲ್ಲಿ ಬಹುಪಾಲು ಅಂಗಡಿಯ ಮೆಟ್ಟಿಲು ಇಳಿದ ಕೂಡಲೇ ಬೆಲೆ ಕಳೆದುಕೊಳ್ಳುತ್ತವೆ. ಕೊಂಡ ಬೆಲೆಗಿಂತ ಜಾಸ್ತಿಗೆ ಹೋಗುವುದು ಕೆಲವೇ ಬ್ರಾಂಡುಗಳ ಕೆಲವೇ ಮಾಡೆಲ್‌ಗಳು. ರಿವರ್ಸೊ ಸಾಮಾನ್ಯವಾಗಿ ಆ ಪಟ್ಟಿಯಲ್ಲಿಲ್ಲ. ಇದು ಕೊಳ್ಳುವವರಿಗೆ ಒಂದು ರೀತಿ ಒಳ್ಳೆಯದೇ. ಐದಾರು ವರ್ಷ ಹಳೆಯದನ್ನು, ಡಬ್ಬಿ, ಕಾಗದ, ಸರ್ವಿಸ್ ದಾಖಲೆ ಎಲ್ಲ ಸರಿಯಾಗಿರುವುದನ್ನು ನಂಬಿಕೆಯ ಕಡೆ ಕೊಂಡರೆ ಸಾಕಷ್ಟು ಉಳಿಯುತ್ತದೆ. ಒಳಗಿನ ಮಷಿನ್ ಹೇಗೂ ಅದೇ ಅಲ್ವಾ? ಮಾರುಕಟ್ಟೆಯ ಮರ್ಜಿ ಎಂಥದ್ದು ಅನ್ನುವುದಕ್ಕೆ ರಿವರ್ಸೊದ್ದೇ ಉದಾಹರಣೆ ಇದೆ. ದುಂಡು ವಾಚುಗಳ ಹುಚ್ಚು ಹತ್ತಿದ ಮೇಲೆ ಇದನ್ನು ಕೇಳುವವರೇ ಇಲ್ಲದೆ ತಯಾರಿಕೆ ನಿಂತಿತ್ತು. 1970ರ ದಶಕದ ಶುರುವಿನಲ್ಲಿ ಇಟಲಿಯ ವ್ಯಾಪಾರಿ ಜಾರ್ಜೊ ಕೊರ್ವೊ ಕಾರ್ಖಾನೆಗೆ ಹೋದಾಗ ಮೂಲೆಯಲ್ಲಿ ಸುಮಾರು 200 ಖಾಲಿ ರಿವರ್ಸೊ ಕೇಸು ಬಿದ್ದಿದ್ದವು. ಅಷ್ಟನ್ನೂ ಕೊಂಡು, ಮಷಿನ್ ಹಾಕಿಸಿ, ಇಟಲಿಯಲ್ಲಿ ಮಾರಿದ. ಬೇಗನೆ ಖಾಲಿಯಾದವು. ಅಲ್ಲಿಂದಲೇ ರಿವರ್ಸೊಗೆ ಮರುಜನ್ಮ.

ಅದು ಎಂಥ ಕಾಲ ಅನ್ನುವುದೂ ಗೊತ್ತಿರಲಿ. 1969ರ ಡಿಸೆಂಬರ್ 25ರಂದು ಜಪಾನಿನ ಸೀಕೊ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕೆ ಇಟ್ಟಿತು. 1970ರಲ್ಲಿ ಸ್ವಿಸ್ ವಾಚು ಕಸುಬಿನಲ್ಲಿ ಸುಮಾರು 90,000 ಜನ ಇದ್ದರು. 80ರ ದಶಕದ ನಡುವಿಗೆ ಅದು ಮೂವತ್ತು ಸಾವಿರದ ಆಸುಪಾಸಿಗೆ ಇಳಿದಿತ್ತು. ಹಳೆಯ ಉಪಕರಣಗಳನ್ನು ಗುಜರಿಗೆ ಹಾಕಿದ ಕಾರ್ಖಾನೆಗಳೂ ಇದ್ದವು. ಉಳಿದುಕೊಂಡವರು ಸರಿಯಾದ ಸಮಯ ಮಾರುವುದನ್ನು ಬಿಟ್ಟು ಕೈಕೆಲಸ ಮಾರಲು ಶುರು ಮಾಡಿದರು. ನೀವು ಅಂಗಡಿಯಲ್ಲಿ ಕೇಳಿದ ಬೆಲೆ ಅಲ್ಲಿ ಹುಟ್ಟಿದ್ದು. ನಮ್ಮ ಎಚ್‌ಎಂಟಿ ವಾಚು ಕಂಪನಿಗೆ ಆ ದಾರಿ ಸಿಗಲಿಲ್ಲ, 2016ರಲ್ಲಿ ಮುಚ್ಚುವ ತೀರ್ಮಾನವಾಯಿತು. ಜಾಲಹಳ್ಳಿಯಲ್ಲಿ ಈಗ ಅವರ ವಸ್ತುಸಂಗ್ರಹಾಲಯ ಇದೆ. ಬೆಂಗಳೂರಿಗೆ ಬಂದಾಗ ಹೋಗಿ ಬನ್ನಿ.

ಜರ್ಮನಿಯಿಂದ ತರಿಸುವ ವಿಚಾರ. ಅಲ್ಲಿ ಬೆಲೆಯೊಳಗೆ 19% ತೆರಿಗೆ ಸೇರಿರುತ್ತದೆ. ಅದು ವಾಪಸ್ ಸಿಗುವುದು ಯುರೋಪಿಯನ್ ಒಕ್ಕೂಟದ ಹೊರಗೆ ವಾಸ ಇರುವವರಿಗೆ, ಅವರೇ ವಸ್ತು ಹೊರಗೆ ಒಯ್ದರೆ. ಅಲ್ಲೇ ವಾಸವಿರುವ ನಿಮ್ಮ ಮಗಳು ಕೊಂಡರೆ ಸಿಗುವುದಿಲ್ಲ. ನೀವು ಮಗಳನ್ನು ನೋಡಲು ಹೋದಾಗ ಕೊಂಡರೆ ಸಿಗುತ್ತದೆ. ಆದರೆ ಯಾರು ತಂದರೂ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಘೋಷಿಸಿ ಸುಂಕ ಕಟ್ಟಬೇಕು. ಕೈಗೆ ಕಟ್ಟಿಕೊಂಡು ಬಂದರೆ ಯಾರೂ ಕೇಳಲ್ಲ ಅನ್ನುವ ಸಲಹೆ ಕೊಡುವವರು ಸಿಗುತ್ತಾರೆ. ಅವರ ಮಾತು ಕೇಳಿ ಸಿಕ್ಕಿಬಿದ್ದರೆ ವಾಚೂ ಹೋಗಬಹುದು, ದಂಡವೂ ಬೀಳಬಹುದು. ಎರಡೂ ಲೆಕ್ಕ ಹಾಕಿ ನೋಡಿ. ಇನ್ನೊಂದು ವಿಷಯ, ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ದೇಶಗಳ ಜೊತೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸ್ವಿಸ್ ವಾಚಿನ ಆಮದು ಸುಂಕ ಹಂತ ಹಂತವಾಗಿ ಇಳಿಯುತ್ತದೆ. 18% ಜಿಎಸ್‌ಟಿ ಮಾತ್ರ ಇದ್ದೇ ಇದೆ. ಬೆಲೆ 10 ಲಕ್ಷ ದಾಟಿದರೆ ಅಂಗಡಿಯವರು 1% ಟಿಸಿಎಸ್ (ಮಾರುವಾಗಲೇ ವಸೂಲು ಮಾಡುವ ತೆರಿಗೆ) ಕೂಡ ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ರಸೀದಿ ಜೋಪಾನ.

ಕೊಳ್ಳುವ ದಿನ ಏನು ನೋಡಬೇಕು? ಮೊದಲು, ಕೀ ವಾಚೇ ಹೌದಾ ಕೇಳಿ. ರಿವರ್ಸೊದ ಕೆಲವು ಚಿಕ್ಕ ಮಾಡೆಲ್‌ಗಳಲ್ಲಿ ಕ್ವಾರ್ಟ್ಜ್ ಇರುತ್ತದೆ. ಹೊರಗಿನಿಂದ ಥೇಟ್ ಒಂದೇ. ಒಬ್ಬರು ಹೆಂಡತಿಗೆ ಕೊಡಿಸಿ, ಎರಡು ವರ್ಷದ ಮೇಲೆ ನಿಂತಾಗ ನನ್ನ ಹತ್ತಿರ ತಂದು, ಕೀ ಎಷ್ಟು ತಿರುಗಿಸಿದರೂ ಓಡ್ತಿಲ್ಲ ಅಂದಿದ್ದರು! ಸೆಲ್ ಹಾಕಿ ಕಳಿಸಿದೆ. ಆಮೇಲೆ ಕೇಸನ್ನು ನೀವೇ ಹತ್ತು ಸಲ ಮಗುಚಿ ನೋಡಿ. ಇದರಲ್ಲಿ ಮುಖ್ಯ ಕೈಕೆಲಸ ಮಷಿನ್ನಿಗಿಂತ ಕೇಸಿನಲ್ಲೇ ಇದೆ. ಐವತ್ತಕ್ಕೂ ಜಾಸ್ತಿ ಬಿಡಿಭಾಗ ಕೇಸೊಂದಕ್ಕೇ ಬೇಕು. ಜಾರುವಾಗ ಎಲ್ಲೂ ತಡೆಯಬಾರದು, ಲೊಡಲೊಡ ಅನ್ನಲೂಬಾರದು. ಕೊನೆಯಲ್ಲಿ ಒಂದು ಪುಟ್ಟ ಟಕ್ ಸದ್ದಿನೊಂದಿಗೆ ಕೂರಬೇಕು. ಹಳೆಯದು ಕೊಳ್ಳುವುದಾದರಂತೂ ಈ ಪರೀಕ್ಷೆ ಬಿಡಲೇಬೇಡಿ. ಸವೆದ ಕೇಸು ತನ್ನ ಕಥೆಯನ್ನು ಇಲ್ಲೇ ಹೇಳಿಬಿಡುತ್ತದೆ. ಇನ್ನು ‘ಸ್ವಿಸ್ ಮೇಡ್’ ಅಂತ ಡಯಲ್ ಮೇಲೆ ಇರುವುದನ್ನೇ ದೊಡ್ಡದು ಮಾಡಿ ಹೇಳಿದರೆ ತಲೆ ಆಡಿಸಿ ಸುಮ್ಮನಿರಿ. 2017ರಿಂದ ಈಚೆಗೆ ಅದಕ್ಕೆ ತಯಾರಿಕಾ ವೆಚ್ಚದ 60% ಸ್ವಿಟ್ಜರ್ಲೆಂಡಿನಲ್ಲಿ ಆಗಿದ್ದರೆ ಸಾಕು. ಈ ಕಂಪನಿ ಅದಕ್ಕಿಂತ ಎಷ್ಟೋ ಮುಂದೆ ಇದೆ. ಪೂರ್ತಿ ಜೋಡಿಸಿದ ವಾಚನ್ನು ಸಾವಿರ ಗಂಟೆ, ಅಂದರೆ ಆರು ವಾರ, ಪರೀಕ್ಷಿಸುವ ಪದ್ಧತಿ ಇವರಲ್ಲಿ 1992ರಿಂದ ಇದೆ.

ಕಟ್ಟಲು ಶುರು ಮಾಡಿದ ಮೇಲೆ ದಿನಾ ಒಂದೇ ಹೊತ್ತಿಗೆ ಕೀ ಕೊಡಿ. ಕೈಯಿಂದ ಬಿಚ್ಚಿ ಕೊಡಿ, ಕಟ್ಟಿಕೊಂಡೇ ತಿರುಗಿಸಿದರೆ ಗುಂಡಿಯ ಕಡ್ಡಿ ಓರೆಯಾಗಿ ಎಳೆಯುತ್ತದೆ. ಬಿಗಿಯಾದ ಕೂಡಲೇ ನಿಲ್ಲಿಸಿ, ಒತ್ತಾಯ ಬೇಡ. 30 ಮೀಟರ್ ವಾಟರ್ ರೆಸಿಸ್ಟೆಂಟ್ ಅಂತ ಬರೆದಿರುತ್ತದೆ. ಅದನ್ನು ನಂಬಿ ಹೊಳೆಗೆ ಇಳಿಯಬೇಡಿ. ಮಳೆಹನಿ, ಕೈ ತೊಳೆಯುವ ನೀರಿಗೆ ತಡೆಯುತ್ತದೆ ಅಂತಷ್ಟೇ ಅರ್ಥ. ಎಲ್ಲಕ್ಕಿಂತ ದೊಡ್ಡ ಶತ್ರು ಈಗ ಆಯಸ್ಕಾಂತ. ಫೋನಿನ ಸ್ಪೀಕರ್, ಬ್ಯಾಗಿನ ಬಾಯಿಯ ಗುಂಡಿ, ಇಂಡಕ್ಷನ್ ಒಲೆ. ಹೇರ್‌ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡರೆ ವಾಚು ದಿನಕ್ಕೆ ಹಲವು ನಿಮಿಷ ಮುಂದೆ ಓಡುತ್ತದೆ. ಹಾಗಾದರೆ ಗಾಬರಿಯಾಗಬೇಡಿ, ಯಾರಿಗೂ ಬಿಚ್ಚಲು ಕೊಡಬೇಡಿ. ಆಯಸ್ಕಾಂತ ಇಳಿಸುವ ಪುಟ್ಟ ಯಂತ್ರದ ಮೇಲೆ ಇಟ್ಟರೆ ಎರಡು ನಿಮಿಷದ ಕೆಲಸ.

ಸರ್ವಿಸ್ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಸೆಕೆಂಡಿಗೆ 6 ಟಿಕ್ ಅಂದರೆ ದಿನಕ್ಕೆ 5,18,400. ಐದು ವರ್ಷಕ್ಕೆ 94 ಕೋಟಿ ದಾಟುತ್ತದೆ. ಅಷ್ಟೊತ್ತಿಗೆ ಎಣ್ಣೆ ಒಣಗಿರುತ್ತದೆ. ಒಣಗಿದ ಎಣ್ಣೆಯಲ್ಲಿ ಓಡಿದರೆ ಅಚ್ಚು ಸವೆಯುತ್ತದೆ. ಕಂಪನಿ ತಾಣದಲ್ಲಿ ನೋಂದಣಿ ಮಾಡಿಸಿದರೆ ವಾರಂಟಿ 8 ವರ್ಷದವರೆಗೆ ಸಿಗುತ್ತದೆ, ಮರೆಯದೆ ಮಾಡಿಸಿ. ಅದಾದ ಮೇಲಿನ ಪ್ರತಿ ಸರ್ವಿಸ್‌ಗೂ ಹತ್ತಾರು ಸಾವಿರ ಎತ್ತಿಡಬೇಕು. ಇದು ಭಾರ ಅನ್ನಿಸಿದರೆ ವಾಚೂ ಭಾರವೇ.

ಒಟ್ಟಿನಲ್ಲಿ ನನ್ನ ಮಾತು ಇಷ್ಟು. ಸಾಲ ಮಾಡದೆ ಆಗುವುದಾದರೆ ಸ್ಟೀಲಿನ, ಒಂದೇ ಮುಖದ, ಕೀ ಕೊಡುವ ರಿವರ್ಸೊ ತೆಗೆದುಕೊಳ್ಳಿ. ಚಂದ್ರ, ಗ್ರಹಣ, ಚಿನ್ನದ ಹೆಣಿಗೆ ಯಾವುದೂ ಬೇಡ. ಆದರೆ ಅದಕ್ಕೂ ಮೊದಲು ಈ ವಾರವೇ ಜನತಾವನ್ನು ರಿಪೇರಿಗೆ ಕೊಡಿ. ಅದರ ಬಿಡಿಭಾಗ ಇನ್ನೂ ಸಿಗುತ್ತವೆ. ಬಹುಶಃ ಎಣ್ಣೆ ಗಟ್ಟಿಯಾಗಿದೆ, ಇಲ್ಲವೇ ಮೇನ್‌ಸ್ಪ್ರಿಂಗ್ ಮುರಿದಿದೆ. ರಿವರ್ಸೊ ಸರ್ವಿಸ್ ಖರ್ಚಿನ ಪಕ್ಕದಲ್ಲಿ ಇದು ಖರ್ಚೇ ಅಲ್ಲ. ಡಯಲ್‌ಗೆ ಹೊಸ ಬಣ್ಣ ಹೊಡೆಸುತ್ತೇನೆ ಅಂದರೆ ಬೇಡ ಅನ್ನಿ. ಗಾಜಿನ ಮೇಲಿನ ಗೀರೂ ಅಪ್ಪನದೇ, ಬದಲಿಸುವುದಾದರೆ ಹಳೆಯ ಗಾಜನ್ನು ಕೇಳಿ ವಾಪಸ್ ಪಡೆಯಿರಿ. ಒಂದು ತಿಂಗಳು ಅದನ್ನೇ ಕಟ್ಟಿ. ದಿನಾ ಬೆಳಿಗ್ಗೆ ಕೀ ಕೊಡುವುದು ಕಿರಿಕಿರಿ ಅನ್ನಿಸುತ್ತದಾ, ಹಿತ ಅನ್ನಿಸುತ್ತದಾ ಗೊತ್ತಾಗುತ್ತದೆ. ಕಿರಿಕಿರಿ ಅನ್ನಿಸಿದರೆ ಹಲವು ಲಕ್ಷ ಉಳಿಯಿತು.

ಇನ್ನು ಕೆತ್ತನೆ. ಬೆನ್ನಿನ ಮೇಲೆ ಹೆಸರು ಕೆತ್ತಿಸಿಕೊಡುವ ವ್ಯವಸ್ಥೆ ಕಂಪನಿಯಲ್ಲೇ ಇದೆ. ಕನ್ನಡದಲ್ಲಿ ಕೆತ್ತಿಸುವುದಾದರೆ ಟೈಪ್ ಮಾಡಿ ಮೇಲ್ ಕಳಿಸಬೇಡಿ. ಅಲ್ಲಿನ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಮೂಡದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ಕೂರುತ್ತದೆ. ಕೆತ್ತುವವರಿಗೆ ಅದು ತಪ್ಪು ಅಂತ ಗೊತ್ತಾಗುವುದೂ ಇಲ್ಲ. ಬಿಳಿ ಕಾಗದದ ಮೇಲೆ ದಪ್ಪ ಪೆನ್ನಿನಲ್ಲಿ ಬರೆದು, ಚಿತ್ರವಾಗಿ ಕೊಡಿ. ಅಪ್ಪನ ಸಹಿ ಯಾವುದಾದರೂ ಹಳೆಯ ಪಾಸ್‌ಬುಕ್ಕಿನಲ್ಲಿ, ಪತ್ರದಲ್ಲಿ ಸಿಕ್ಕರೆ ಅದನ್ನೇ ಕೊಡಿ. ಮೊದಲು ಕಾಗದದ ಮೇಲೆ ನಕಲು ತೋರಿಸಿ ಅಂತ ಕೇಳಿ, ನೋಡಿ ಒಪ್ಪಿದ ಮೇಲಷ್ಟೇ ಕೆತ್ತಲು ಬಿಡಿ.